ಲಕ್ಕುಂಡಿಯ ಕಾದಂಬರಿ ಮಾಲೆ: ಏಳನೆಯ ಸಂಪುಟ ಕೊಳ್ಳುವವರಿಗೆ ಎಚ್ಚರಿಕೆ

ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದ ಲಕ್ಕುಂಡಿಯನ್ನು ಹಿನ್ನೆಲೆಯಾಗಿಟ್ಟುಕೊಂಡು ವರ್ಷಗಳಿಂದ ಬರುತ್ತಿರುವ ಐತಿಹಾಸಿಕ ಪ್ರಣಯ ಕಾದಂಬರಿಗಳ ಮಾಲೆಯೊಂದನ್ನು ಗದಗ, ಧಾರವಾಡದ ಕಡೆಯ ನಾವು ಅನೇಕರು ಪ್ರೀತಿಯಿಂದ ಓದುತ್ತ ಬಂದಿದ್ದೇವೆ. ಅದರ ಏಳನೆಯ ಸಂಪುಟ ಈಗ ಅಂಗಡಿಗಳಿಗೆ ಬಂದಿದೆ. ಲೇಖಕರ ಹೆಸರನ್ನಾಗಲಿ ಪ್ರಕಾಶಕರ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಮಾಲೆಯನ್ನು ಬಲ್ಲವರಿಗೆ ಅದು ಯಾವುದೆಂದು ತಿಳಿಯುತ್ತದೆ. ಅಂಥವರು 450 ರೂಪಾಯಿ ಕೊಡುವ ಮೊದಲು, ಅದಕ್ಕಿಂತ ಮುಖ್ಯವಾಗಿ ಮನೆಯ ಹದಿಹರೆಯದ ಮಕ್ಕಳ ಕೈಗೆ ಪುಸ್ತಕ ಕೊಡುವ ಮೊದಲು, ಇದನ್ನು ಓದಬೇಕೆಂದು ವಿನಂತಿ.

ಈ ಮಾಲೆ ನಮ್ಮನ್ನು ಹಿಡಿದಿಟ್ಟದ್ದು ಅದರ ನಾಯಕಿಯಿಂದ. ಶಿಲ್ಪಿಯೊಬ್ಬನ ಮಗಳಾದ ಆಕೆ ಎರಡನೆಯ ಸಂಪುಟದಲ್ಲಿ ಬ್ರಹ್ಮ ಜಿನಾಲಯದ ಬಳಿ ನಿಂತು, ದಾನಚಿಂತಾಮಣಿ ಅತ್ತಿಮಬ್ಬೆಯ 1007ರ ಶಾಸನವನ್ನು ದಂಡನಾಯಕನ ಮಗನಿಗೆ ತಾನೇ ಓದಿ ಹೇಳುತ್ತಾಳೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಹೆಣ್ಣುಮಗಳ ಊರಿನವಳು ತಾನೆಂಬ ಅಭಿಮಾನ ಆಕೆಯ ಮಾತುಮಾತಿನಲ್ಲೂ ಇತ್ತು. ಅವರಿಬ್ಬರ ಪ್ರೀತಿ ಹುಟ್ಟಿದ್ದೇ ಆ ಓದಿನಿಂದ. ಏಳನೆಯ ಸಂಪುಟದಲ್ಲಿ ಅದೇ ನಾಯಕಿ ಗಂಡ ಕಳಿಸಿದ ಓಲೆಯನ್ನು ಓದಲಾರದೆ ದಾಸಿಯ ಕೈಗೆ ಕೊಡುತ್ತಾಳೆ. ಲೇಖಕರು ಎಲ್ಲೋ ಮರೆತು ಬರೆದ ಸಾಲೆಂದು ಬಿಟ್ಟುಬಿಡುವಂತೆಯೂ ಇಲ್ಲ, ಏಕೆಂದರೆ ದಾಸಿ ಆ ಓಲೆಯನ್ನು ಸುಳ್ಳುಸುಳ್ಳಾಗಿ ಓದಿ ಹೇಳುವುದರ ಮೇಲೆಯೇ ಮುಂದಿನ ಕಥೆಯೆಲ್ಲ ನಿಂತಿದೆ.

ಓಲೆಯನ್ನು ನಂಬಿ ಹೊರಟವಳನ್ನು ಸಾಮಂತನೊಬ್ಬ ಹೊತ್ತೊಯ್ದು ಕೋಟೆಯಲ್ಲಿ ಕೂಡಿಹಾಕುತ್ತಾನೆ, ಅನ್ನ ನೀರು ಕೊಡದೆ ಬೆದರಿಸುತ್ತಾನೆ. ಕೆಲವೇ ಅಧ್ಯಾಯಗಳಲ್ಲಿ ಆಕೆ ಅವನಿಗೇ ಮನಸೋಲುತ್ತಾಳೆ. ಆಕೆಯ ಭಯವನ್ನು ಪುಟಗಟ್ಟಲೆ ಪ್ರಣಯವೆಂದು ವರ್ಣಿಸಲಾಗಿದೆ. ಬಾಯಿಬಿಟ್ಟು ಬೇಡ ಎಂದರೆ ಅದು ನಾಚಿಕೆಯಂತೆ. ಪಿಯುಸಿ ಓದುತ್ತಿರುವ ನನ್ನ ಅಕ್ಕನ ಮಗಳು ಮೊದಲ ಸಂಪುಟಗಳನ್ನು ಓದಿ, ಲಕ್ಕುಂಡಿಯನ್ನು ನೋಡಲೇಬೇಕೆಂದು ಹಟ ಹಿಡಿದವಳು. ಈ ಸಂಪುಟವನ್ನು ಅವಳಿಗೆ ಕೊಡಲು ನನಗೆ ಮನಸ್ಸು ಬಂದಿಲ್ಲ.

ಇತಿಹಾಸದ ವಿವರಗಳನ್ನೂ ಕೈಬಿಟ್ಟಿದ್ದಾರೆ. ವಿಕ್ರಮಾದಿತ್ಯ ಪಟ್ಟಕ್ಕೆ ಬಂದದ್ದು 1076ರಲ್ಲಿ, ಅವನ ಆಳ್ವಿಕೆ ಮುಗಿದದ್ದು 1126ರ ಸುಮಾರಿಗೆ. ಅವನ ಸಭೆಯಲ್ಲಿ ಇಲ್ಲಿ ಅಕ್ಕಮಹಾದೇವಿಯ ವಚನ ಹಾಡುತ್ತಾರೆ, ಅಕ್ಕನ ಕಾಲ ಅವನಿಂದೀಚಿನದು. ಅಂಗಳದಲ್ಲಿ ಬ್ಯಾಡಗಿ ಮೆಣಸಿನಕಾಯಿ ಒಣಗಲು ಹರವಿದೆ. ಮೆಣಸಿನಕಾಯಿ ಈ ನೆಲಕ್ಕೆ ಬಂದದ್ದು ಪೋರ್ಚುಗೀಸರ ಮೂಲಕ, 16ನೆಯ ಶತಮಾನದಲ್ಲಿ. ಲಕ್ಕುಂಡಿಯ ಟಂಕಸಾಲೆಯನ್ನೂ ಗದ್ಯಾಣವೆಂಬ ಚಿನ್ನದ ನಾಣ್ಯಗಳನ್ನೂ ಹಿಂದಿನ ಸಂಪುಟಗಳೇ ಸೊಗಸಾಗಿ ವಿವರಿಸಿದ್ದವು, ಈಗ ಅದೇ ಪೇಟೆಯ ವರ್ತಕರು ರೂಪಾಯಿ ಎಣಿಸುತ್ತಾರೆ. ನನಗೆ ಹೆಚ್ಚು ನೋವಾದದ್ದು ಕಲ್ಲಿನ ವಿಷಯದಲ್ಲಿ. ಕಾಶಿವಿಶ್ವನಾಥ ಗುಡಿಯ ಬಾಗಿಲುವಾಡದ ಮೇಲೆ ಅಷ್ಟು ನವಿರಾದ ಕೆತ್ತನೆ ಸಾಧ್ಯವಾದದ್ದು ಅಲ್ಲಿಯ ಬಳಪದ ಕಲ್ಲು ಮೆದುವಾಗಿರುವುದರಿಂದ. ಶಿಲ್ಪಿಯ ಮನೆಯ ಈ ಕಥೆಯಲ್ಲಿ ತಂದೆ ಬಾದಾಮಿಯ ಕೆಂಪು ಮರಳುಗಲ್ಲು ಕೆತ್ತುತ್ತಾನೆ. ಗದಗಿನಿಂದ ಸುಮಾರು 12 ಕಿಲೋಮೀಟರ್ ದೂರದ ಊರಿಗೆ ಒಮ್ಮೆ ಹೋಗಿ ಕಂಬ ಮುಟ್ಟಿ ನೋಡಿದ್ದರೆ ಈ ತಪ್ಪು ಆಗುತ್ತಿರಲಿಲ್ಲ.

ಉಳಿದಂತೆ, ಪುಸ್ತಕದ ಮೊದಲ ಭಾಗ ಹಿಂದಿನ ಕಥೆಯ ಪುನರಾವರ್ತನೆ. ಕಥೆ ಮುಗಿಯುವುದೂ ಇಲ್ಲ. ಎಂಟನೆಯ ಸಂಪುಟಕ್ಕೆ ಮುಂಗಡ ಹಣ ಕಳಿಸಿರೆಂಬ ಪ್ರಕಟಣೆ ಕೊನೆಯ ಪುಟದಲ್ಲಿದೆ. ಮರಳಿಸಲು ಹೋದಾಗ ಅಂಗಡಿಯವರು, “ಮಾರಿದ್ದು ವಾಪಸ್ ತಗೊಳ್ಳಂಗಿಲ್ರೀ, ನೀವೊಬ್ಬರ ಅಲ್ಲ, ಭಾಳ ಮಂದಿ ಹಿಂಗ ಅಂದಾರ” ಎಂದರು.

ಹೊಸದಾಗಿ ಓದುವವರು ನಾಲ್ಕನೆಯ ಸಂಪುಟದವರೆಗೆ ನಿಶ್ಚಿಂತೆಯಿಂದ ಓದಬಹುದು, ಮದುವೆಯೊಂದಿಗೆ ಕಥೆ ಅಲ್ಲಿ ಪೂರ್ಣವಾಗುತ್ತದೆ. ಐದು ಮತ್ತು ಆರು ಸಾಧಾರಣ. ಏಳನೆಯದನ್ನು ನೋಡಲೇಬೇಕೆನ್ನುವವರು ಗ್ರಂಥಾಲಯದಿಂದ ತಂದು ನೋಡಲಿ. ಎಂಟನೆಯದಕ್ಕೆ ಮುಂಗಡವನ್ನಂತೂ ಯಾರೂ ಕಳಿಸಬೇಡಿ.