ವೈಜಾಗ್‌ನ ಕುರ್ಸುರಾ ಸಬ್‌ಮರೀನ್: ಗಡಿಬಿಡಿಯಲ್ಲಿ ನೋಡಬೇಡಿ

ವಿಶಾಖಪಟ್ಟಣಕ್ಕೆ ಹೋಗೋರು ಆರ್.ಕೆ. ಬೀಚ್‌ನ ಕುರ್ಸುರಾಗೆ ಅಂತಲೇ ಒಂದು ಗಂಟೆ ಎತ್ತಿಡಿ. ನಮ್ಮ ಟೂರ್ ಬಸ್ಸಿನವರು ಇಪ್ಪತ್ತೇ ನಿಮಿಷ ಕೊಟ್ಟಿದ್ದರು, ಈ ಕಡೆ ಹತ್ತಿ ಆ ಕಡೆ ಇಳಿದಿದ್ದಷ್ಟೇ ಆಯ್ತು. ಮನಸ್ಸು ತಡೆಯಲಿಲ್ಲ, ಮರುದಿನ ಅಮ್ಮನ ಜೊತೆ ಆಟೋ ಹಿಡಿದು ಮತ್ತೆ ಹೋದೆ.

ಇದು ಮಾಡೆಲ್ ಅಲ್ಲ, ನಿಜವಾದ ಸಬ್‌ಮರೀನ್. ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ್ದು. 1969ರಲ್ಲಿ ನಮ್ಮ ನೌಕಾಪಡೆ ಸೇರಿ, 1971ರ ಯುದ್ಧದಲ್ಲಿ ಗಸ್ತು ತಿರುಗಿ, 2001ರಲ್ಲಿ ನಿವೃತ್ತಿಯಾಯಿತು. ಮರುವರ್ಷ ಅದನ್ನು ಸಮುದ್ರದಿಂದ ಮರಳಿನ ಮೇಲೆ ಎಳೆದು ತಂದು ಮ್ಯೂಸಿಯಂ ಮಾಡಿದರು. ಉದ್ದ ಸುಮಾರು 91 ಮೀಟರ್, ಹೊರಗಿಂದ ನೋಡಿದರೆ ಭಾರೀ ದೊಡ್ಡದು ಅನ್ಸುತ್ತೆ.

ಒಳಗೆ ಹೋದ ಮೇಲೆ ಗೊತ್ತಾಗುತ್ತೆ, ಜಾಗವನ್ನೆಲ್ಲ ಯಂತ್ರಗಳೇ ತಿಂದುಬಿಟ್ಟಿವೆ. ಉಳಿದ ಸಂದುಗೊಂದಿನಲ್ಲಿ ಸುಮಾರು 75 ಜನ ಇರಬೇಕಿತ್ತು. ನೀರೊಳಗೇ ಸಾಗಿ ಹಡಗಿಗೆ ಹೊಡೆಯುವ ಟಾರ್ಪಿಡೊಗಳನ್ನು ಹಾರಿಸೋಕೆ ಮುಂದೆ ಆರು, ಹಿಂದೆ ನಾಲ್ಕು ಕೊಳವೆಗಳಿವೆ, ಅವುಗಳ ಪಕ್ಕದಲ್ಲೇ ನಾವಿಕರು ಮಲಗುತ್ತಿದ್ದರಂತೆ. ಅಡುಗೆಮನೆ ನೋಡಿ ಅಮ್ಮ ಅಲ್ಲೇ ನಿಂತುಬಿಟ್ಟರು. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಜನಕ್ಕೆ ಹೇಗೆ ಬೇಯಿಸುತ್ತಿದ್ದರು, ನೀರಿಗೆ ಏನು ಮಾಡುತ್ತಿದ್ದರು ಅಂತ ಗೈಡನ್ನು ಬಿಡದೆ ಕೇಳಿದರು. ಅವರೂ ಬೇಸರಪಡದೆ ಎಲ್ಲ ಹೇಳಿದರು. ಸಿಹಿನೀರನ್ನು ಅಳತೆ ಮಾಡಿಯೇ ಬಳಸಬೇಕಿತ್ತಂತೆ.

ಈ ಗೈಡ್‌ಗಳೇ ಇಲ್ಲಿನ ಆಸ್ತಿ. ನೌಕಾಪಡೆಯಿಂದ ನಿವೃತ್ತರಾದವರು, ಸುಮ್ನೆ ಬಾಯಿಪಾಠ ಒಪ್ಪಿಸೋರಲ್ಲ. ಡೀಸೆಲ್ ಎಂಜಿನ್‌ಗೆ ಗಾಳಿ ಬೇಕು, ಆಳದಲ್ಲಿ ಗಾಳಿ ಎಲ್ಲಿ ಸಿಗುತ್ತೆ? ಅದಕ್ಕೇ ಅಲ್ಲಿ ಬ್ಯಾಟರಿಯಿಂದ ಮೋಟರ್ ಓಡಿಸೋದು, ಚಾರ್ಜ್ ಮುಗಿಯುತ್ತಾ ಬಂದ ಹಾಗೆ ನೀರಿನ ಮಟ್ಟಕ್ಕೆ ಹತ್ತಿರ ಬಂದು ಗಾಳಿ ಎಳೆದುಕೊಂಡು ಎಂಜಿನ್ ಹಾಕಿ ಬ್ಯಾಟರಿ ಚಾರ್ಜ್ ಮಾಡೋದು. ಹಾಗೆ ಮೇಲೆ ಬಂದಾಗಲೇ ಶತ್ರುವಿನ ಕಣ್ಣಿಗೆ ಬೀಳೋ ಭಯ ಜಾಸ್ತಿ. ಇದನ್ನು ಆ ಎಂಜಿನ್‌ಗಳ ಪಕ್ಕ ನಿಂತು ಕೇಳೋದೇ ಬೇರೆ ಅನುಭವ.

ಕಾರವಾರದ ಚಾಪೆಲ್ ಯುದ್ಧನೌಕೆ ನೋಡಿ ಇಷ್ಟಪಟ್ಟವರಿಗೆ ಇದು ಇನ್ನೂ ಹಿಡಿಸುತ್ತೆ. ಮಂಡಿನೋವಿದ್ದವರು ಮಾತ್ರ ಸ್ವಲ್ಪ ಯೋಚಿಸಿ, ಮೆಟ್ಟಿಲು ಹತ್ತಬೇಕು, ಒಳಗೆ ದಾರಿ ಇಕ್ಕಟ್ಟು. ಅಮ್ಮ ನನ್ನ ಹೆಗಲು ಹಿಡಿದು ನಿಧಾನಕ್ಕೆ ಬಂದರು. ಸೋಮವಾರ ರಜೆ. ರಸ್ತೆ ದಾಟಿದರೆ ಟಿಯು-142 ವಿಮಾನದ ಮ್ಯೂಸಿಯಂ ಇದೆ, ಸಬ್‌ಮರೀನ್ ಹುಡುಕೋಕೆ ಅಂತಲೇ ಇದ್ದ ವಿಮಾನ ಅದು. ಇದನ್ನು ನೋಡಿದ ಮೇಲೆ ಅಲ್ಲಿಗೆ ಹೋಗಿ.