ಫೋನ್ ಬಾರದ ರಾತ್ರಿಗೆ ವೈಸಾ: ಫೌಜಿ ಮನೆಯವರಿಗೆ ಎಷ್ಟು ಉಪಯೋಗ?

ಬೆಂಗಳೂರಿನಲ್ಲಿ ಹುಟ್ಟಿದ ವೈಸಾ, ಮನಸ್ಸಿನ ದುಗುಡವನ್ನು ಟೈಪ್ ಮಾಡಿ ಹೇಳಿಕೊಳ್ಳಬಹುದಾದ, ಪೆಂಗ್ವಿನ್ ಮುಖದ ಎಐ ಆಪ್. ಸೈನಿಕ ಕುಟುಂಬಗಳಿಗೆಂದೇ ಮಾಡಿದ್ದಲ್ಲ. ಆದರೂ ಗಂಡ ಫೀಲ್ಡ್ ಪೋಸ್ಟಿಂಗ್‌ನಲ್ಲಿದ್ದು, ಮಕ್ಕಳು, ಅತ್ತೆ-ಮಾವ, ಬ್ಯಾಂಕು, ಗ್ಯಾಸು ಎಲ್ಲವನ್ನೂ ಒಬ್ಬಳೇ ನಿಭಾಯಿಸುವ ಹೆಣ್ಣುಮಗಳಿಗೆ ಇದು ಒದಗಿಬರುವ ಹೊತ್ತೊಂದಿದೆ: ರಾತ್ರಿ ಎರಡು ಗಂಟೆ, ಯಾರನ್ನೂ ಎಬ್ಬಿಸಲು ಮನಸ್ಸಾಗದ ಹೊತ್ತು.

ಸಿಬಿಟಿ (ಯೋಚನೆ, ನಡವಳಿಕೆಯನ್ನು ತಿದ್ದಿಕೊಳ್ಳುವ ಮನೋಚಿಕಿತ್ಸೆ) ಪದ್ಧತಿಯಲ್ಲಿ ಆಲೋಚನೆಯನ್ನು ಬಿಡಿಸಿ ನೋಡುವ ಅಭ್ಯಾಸವೇ ಇದರ ಗಟ್ಟಿ ಭಾಗ. ‘ಮೂರು ದಿನದಿಂದ ಫೋನಿಲ್ಲ, ಏನೋ ಆಗಿಹೋಗಿದೆ’ ಎಂದು ಬರೆದಿರಿ ಎನ್ನಿ. ಇದರಲ್ಲಿ ಗೊತ್ತಿರುವುದೆಷ್ಟು, ಊಹೆಯೆಷ್ಟು ಎಂದು ಬೇರೆ ಮಾಡಬೇಕು. ಗೊತ್ತಿರುವುದು ಫೋನ್ ಬಂದಿಲ್ಲ ಅನ್ನುವುದಷ್ಟೇ. ಕೊನೆಗೆ ನೀವೇ ಬರೆಯುವ ಸಾಲು ಹೀಗಿರಬಹುದು: ‘ಹಿಮ ಬಿದ್ದು ಲಿಂಕ್ ಹೋದಾಗ ಹಿಂದೆಯೂ ಹೀಗಾಗಿತ್ತು.’ ಹತ್ತು ನಿಮಿಷದ ಕೆಲಸ. ಭಯ ಪೂರ್ತಿ ಹೋಗದು, ಎದೆಬಡಿತ ಒಂದಿಷ್ಟು ಇಳಿದೀತು. ಉಸಿರಾಟದ ಅಭ್ಯಾಸವನ್ನು ಇದಾದ ಮೇಲೆ ಮಾಡಿ. ತಲೆಯಲ್ಲಿ ಅದೇ ಯೋಚನೆ ಸುತ್ತುತ್ತಿರುವಾಗ ಉಸಿರೆಣಿಸಲು ಕೂತರೆ ಲೆಕ್ಕ ತಪ್ಪಿ ಕಿರಿಕಿರಿಯೇ ಹೆಚ್ಚುತ್ತದೆ.

ಇಂಥ ಮಾತಾಡುವ ಆಪ್‌ಗಳಿಗೆ ಫೌಜಿ ಬದುಕಿನ ಪರಿಚಯ ಕಡಿಮೆ. ‘ಒಂಟಿ ಅನಿಸುತ್ತಿದೆ’ ಎಂದಷ್ಟೇ ಹೇಳಿದರೆ, ಗಂಡನ ಜೊತೆ ಮಾತಾಡಿ ಅನ್ನುವ ಸಲಹೆ ಬಂದು ಮನಸ್ಸು ಇನ್ನಷ್ಟು ನೋಯಬಹುದು. ನಾವಾಗಿ ಅವರಿಗೆ ಫೋನ್ ಮಾಡಲಾಗದು ಎಂಬುದನ್ನು ಮೊದಲ ಸಾಲಿನಲ್ಲೇ ಬರೆದುಬಿಡಿ. ಕನ್ನಡ ಮಾತ್ರ ಬಲ್ಲ ತಾಯಿಯ ಕೈಗೆ ಈ ಆಪ್ ಕೊಟ್ಟು ಪ್ರಯೋಜನವಿಲ್ಲ. 13 ವರ್ಷದೊಳಗಿನ ಮಕ್ಕಳಿಗೂ ಬೇಡ.

ವೈಸಾ ನಿಜ ಹೆಸರು ಕೇಳುವುದಿಲ್ಲ, ಅಡ್ಡಹೆಸರು ಸಾಕು. ಹಾಗೆಂದು ಮೈಮರೆಯಬೇಡಿ. ಯೂನಿಟ್, ಜಾಗ, ರಜೆಯ ತಾರೀಖು, ರೈಲಿನ ನಂಬರ್ ಯಾವುದನ್ನೂ ಟೈಪ್ ಮಾಡಬಾರದು. ‘14ಕ್ಕೆ ಲೇಹ್‌ನಿಂದ ಹೊರಡುತ್ತಾರೆ’ ಅನ್ನುವ ಬದಲು ‘ಸದ್ಯದಲ್ಲೇ ಬರುತ್ತಾರೆ’ ಅನ್ನಿ. ಮನಸ್ಸಿನ ಭಾರ ಇಳಿಸಿಕೊಳ್ಳಲು ಊರಿನ ಹೆಸರು ಬೇಕಿಲ್ಲ. 2020ರಲ್ಲಿ ಸೈನ್ಯ 89 ಆಪ್‌ಗಳನ್ನು ತೆಗೆದುಹಾಕಲು ತನ್ನವರಿಗೆ ಹೇಳಿದ್ದು ಮಾಹಿತಿ ಸೋರುವ ಭಯಕ್ಕೇ. ಲಾಕ್ ಸ್ಕ್ರೀನಿನ ಮೇಲೆ ನೋಟಿಫಿಕೇಶನ್ ಕಾಣದಂತೆಯೂ ಮಾಡಿಕೊಳ್ಳಿ. ಕೂಡುಮನೆಯಲ್ಲಿ ಫೋನು ಒಬ್ಬರ ಕೈಯಲ್ಲೇ ಇರುವುದಿಲ್ಲ.

ಪ್ರೇಮಿಯಂತೆ ಮಾತಾಡುವ ರೆಪ್ಲಿಕಾ ತರದ ಆಪ್‌ಗಳನ್ನು ಈ ಮನೆಗಳಿಗೆ ಶಿಫಾರಸು ಮಾಡಲಾರೆವು. ತಿಂಗಳುಗಟ್ಟಲೆ ದೂರವಿದ್ದು ರಜೆಗೆ ಬಂದವರ ಜೊತೆ ಹೊಂದಿಕೊಳ್ಳುವುದೇ ಕಷ್ಟ. ನಡುವೆ ಸದಾ ಒಪ್ಪುವ, ಎಂದೂ ದಣಿಯದ ದನಿಯೊಂದು ಕೂತರೆ ಆ ಕಷ್ಟ ಇಮ್ಮಡಿ. ಒಂದೇ ಆಪ್‌ಗೆ ಜೋತುಬೀಳುವುದೂ ಸರಿಯಲ್ಲ: ವೈಸಾದಂತೆಯೇ ಹೆಸರು ಮಾಡಿದ್ದ ವೋಬಾಟ್ ಆಪ್ 2025ರ ಜೂನ್ 30ಕ್ಕೆ ಮುಚ್ಚಿತು.

ಎರಡು ವಾರ ನಿದ್ದೆ ಹತ್ತದಿದ್ದರೆ, ಸಾಯುವ ಯೋಚನೆ ಸುಳಿದರೆ, ರಜೆಗೆ ಬಂದವರ ಕುಡಿತವೋ ಸಿಟ್ಟೋ ಕೈಮೀರಿದರೆ ಆಪ್ ಬದಿಗಿಟ್ಟು 14416ಕ್ಕೆ ಕರೆ ಮಾಡಿ. ಇದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದಿನದ 24 ಗಂಟೆಯೂ ಉಚಿತ. ಸೇನಾ ಸಿಬ್ಬಂದಿ, ಕುಟುಂಬದವರಿಗಾಗಿ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ (ಎಎಫ್‌ಎಂಸಿ) 2023ರ ಡಿಸೆಂಬರ್ 1ರಂದು ಇದರ ಪ್ರತ್ಯೇಕ ಘಟಕ ಶುರುವಾಯಿತು. 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.