ಪಿನಾರ್ ಫೀಟೋಸ್ಕೋಪ್: ಕೈ ಮೊದಲು, ಕಿವಿ ಆಮೇಲೆ

ಹೆರಿಗೆ ವಾರ್ಡಿನ ಕೆಲಸಕ್ಕೆಂದು ಕೊಂಡ ಮರದ ಪಿನಾರ್ ಫೀಟೋಸ್ಕೋಪನ್ನು ಹಲವು ತಿಂಗಳು ದಿನವೂ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ಕೇಳಲು ಬಳಸುವ, ಗೇಣುದ್ದಕ್ಕೂ ತುಸು ಕಡಿಮೆಯಿರುವ ಟೊಳ್ಳು ಕಹಳೆಯಿದು. ಒಂದು ತುದಿ ಗಂಟೆಯ ಬಾಯಿಯಂತೆ ಅರಳಿದೆ, ಇನ್ನೊಂದರಲ್ಲಿ ಕಿವಿಯೊತ್ತಲು ಚಪ್ಪಟೆ ಬಿಲ್ಲೆಯಿದೆ. ಬ್ಯಾಟರಿಯೂ ಬೇಡ, ಜೆಲ್ಲೂ ಬೇಡ.

ಇದನ್ನು ರೂಪಿಸಿದ ಫ್ರೆಂಚ್ ಪ್ರಸೂತಿ ತಜ್ಞ ಅಡಾಲ್ಫ್ ಪಿನಾರ್ (1844–1934) ಕಿವಿಗಿಂತ ಮೊದಲು ಕೈಯನ್ನು ನಂಬಿದವರು. ಗರ್ಭಿಣಿಯ ಹೊಟ್ಟೆಯನ್ನು ಹೊರಗಿನಿಂದ ಮುಟ್ಟಿ ಮಗುವಿನ ತಲೆ, ಬೆನ್ನು, ಕೈಕಾಲುಗಳು ಎಲ್ಲಿವೆಯೆಂದು ತಿಳಿಯುವ, ಅಡ್ಡ ಮಲಗಿದ ಮಗುವನ್ನು ಹೊರಗಿನಿಂದಲೇ ತಿರುಗಿಸುವ ಕ್ರಮವನ್ನು ಅವರು 1878ರಲ್ಲೇ ಗ್ರಂಥವಾಗಿ ಬರೆದಿದ್ದರು. ಈ ಉಪಕರಣ ಆ ಪಾಠವನ್ನು ಬಿಟ್ಟುಕೊಡುವುದೇ ಇಲ್ಲ. ಬೆನ್ನು ಯಾವ ಕಡೆಗಿದೆಯೆಂದು ಕೈಯಿಂದ ಗುರುತಿಸದೆ ಕಹಳೆಯನ್ನು ಎಲ್ಲೋ ಇಟ್ಟರೆ ಏನೂ ಕೇಳಿಸುವುದಿಲ್ಲ. ಸರಿಯಾದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ, ಕಿವಿಯಿಂದ ಮೆಲ್ಲಗೆ ಒತ್ತಿ, ಕಹಳೆಯಿಂದ ಕೈ ತೆಗೆದಾಗ ಮಾತ್ರ ದಿಂಬಿನಡಿ ಇಟ್ಟ ಗಡಿಯಾರದಂತೆ ಟಿಕ್‌ಟಿಕ್ ಸದ್ದು ಮೂಡುತ್ತದೆ. ಆಗ ತಾಯಿಯ ಮಣಿಕಟ್ಟಿನ ನಾಡಿ ಹಿಡಿದು, ಎರಡೂ ಬೇರೆಯೆಂದು ಖಚಿತಪಡಿಸಿಕೊಂಡು, ಪೂರ್ತಿ ಒಂದು ನಿಮಿಷ ಎಣಿಸಬೇಕು. 110ರಿಂದ 160 ಇದ್ದರೆ ಸಮಾಧಾನ. ಅಲ್ಟ್ರಾಸೌಂಡ್ ಅಲೆಗಳಿಂದ ಕೆಲಸ ಮಾಡುವ ಡಾಪ್ಲರ್ ಯಂತ್ರ ಹೃದಯದ ಚಲನೆಯನ್ನು ಸದ್ದಾಗಿಸಿ ಕೊಡುತ್ತದೆ, ಇಲ್ಲಿ ಕೇಳುವುದು ಹೃದಯದ್ದೇ ಸದ್ದು.

ಪ್ಯಾರಿಸ್ಸಿನ ಬೋದ್‌ಲೋಕ್ ಹೆರಿಗೆ ಚಿಕಿತ್ಸಾಲಯದಲ್ಲಿ ಪ್ರಾಧ್ಯಾಪಕರಾಗಿದ್ದಾಗ ಪಿನಾರ್ ಇನ್ನೊಂದು ಸಂಗತಿ ಗಮನಿಸಿದರು: ಕೊನೆಯ ದಿನಗಳವರೆಗೂ ನಿಂತು ದುಡಿದ ಹೆಂಗಸರ ಶಿಶುಗಳಿಗಿಂತ, ಹೆರಿಗೆಗೆ ಮುಂಚೆ ವಿಶ್ರಾಂತಿ ಸಿಕ್ಕವರ ಶಿಶುಗಳು ಹೆಚ್ಚು ತೂಗುತ್ತಿದ್ದವು. 1895ರಲ್ಲಿ ಅದನ್ನು ಫ್ರಾನ್ಸಿನ ವೈದ್ಯಕೀಯ ಅಕಾಡೆಮಿಯ ಮುಂದಿಟ್ಟು, ದುಡಿಯುವ ಗರ್ಭಿಣಿಯರಿಗೆ ವಿಶ್ರಾಂತಿ ಬೇಕೆಂದು ವಾದಿಸಿದರು. ನನ್ನ ಮಟ್ಟಿಗೆ ಕಹಳೆಗಿಂತ ದೊಡ್ಡ ಕೊಡುಗೆ ಇದೇ. ಎಪ್ಪತ್ತೈದು ದಾಟಿದ ಮೇಲೂ ಅವರು ಸಂಸತ್ತಿನಲ್ಲಿದ್ದರು. ‘ಯೋಗ್ಯ’ರೆನಿಸಿದವರಷ್ಟೇ ಮಕ್ಕಳನ್ನು ಪಡೆಯಲಿ ಎನ್ನುತ್ತಿದ್ದ ವಂಶ ಸುಧಾರಣಾ (ಯುಜೆನಿಕ್ಸ್) ಚಳವಳಿಗೆ ಅವರು ಕೊಟ್ಟ ಬೆಂಬಲವನ್ನು ಮಾತ್ರ ನಾನು ಒಪ್ಪಲಾರೆ.

ಕೊರತೆಗಳೂ ಇವೆ. ಗದ್ದಲದ ವಾರ್ಡಿನಲ್ಲಿ, ಮಾಸು ಮುಂಗಡೆಗಿದ್ದಾಗ, ಅಥವಾ ಐದು ತಿಂಗಳೂ ತುಂಬದ ಬಸಿರಿನಲ್ಲಿ ಇದನ್ನು ನೆಚ್ಚಿಕೊಳ್ಳಲಾಗದು; ತಗ್ಗಿನ ಮಂಚವಾದರೆ ಸೊಂಟ ನೋಯುತ್ತದೆ. ಮೊದಲು ಕೊಂಡಿದ್ದ ಅಲ್ಯೂಮಿನಿಯಂ ಕಹಳೆ ತಣ್ಣಗಿತ್ತು, ಅಂಚು ನಯವಾಗಿರದೆ ಹೊಟ್ಟೆಯ ಮೇಲೆ ಕೆಂಪು ಉಂಗುರ ಮೂಡಿಸುತ್ತಿತ್ತು. ಆದ್ದರಿಂದ ಕೊಳ್ಳುವವರು ಅಂಚನ್ನು ಬೆರಳಿನಿಂದ ಸವರಿ ನೋಡಲಿ. ಎಲ್ಲಕ್ಕಿಂತ ಬೇಸರದ ಸಂಗತಿಯೆಂದರೆ ತಾಯಿಗೆ ತನ್ನ ಮಗುವಿನ ಎದೆಬಡಿತ ಕೇಳಿಸದಿರುವುದು. ಹಾಗಾಗಿ ಎಣಿಕೆ ಮುಗಿದ ಮೇಲೂ ಕಿವಿ ತೆಗೆಯದೆ, ಆ ಲಯವನ್ನು ಅವಳ ಅಂಗೈಯ ಮೇಲೆ ಬೆರಳಿನಿಂದ ತಟ್ಟಿ ತೋರಿಸುತ್ತೇನೆ.